ಬಣ್ಣವಿಲ್ಲದ ವಾರ್ನಿಷ್

ಪ್ಲೊವ್ದಿವ್‌ನ ಬಣ್ಣದಂಗಡಿಯ ಸರದಿ ಸಾಲಿನಲ್ಲಿ ಸ್ಟೊಯಿಲ್‌ನ ಮುಂದೆ ಗಂಡಹೆಂಡಿರಿಬ್ಬರು ನಿಂತಿದ್ದರು. ಹೆಂಡತಿಯ ಕಂಕುಳಲ್ಲಿ ಹಳೇ ಆಫೀಸು ಮೇಜಿನ ಡ್ರಾಯರಿತ್ತು.

"ರುಮ್ಯಾನಾ, ಮೇಲಿನ ಅಕ್ರೋಟು ಮರದ ತೆಳು ಪದರಾನೇ ಉಜ್ಜಿ ಹಾರಿಸಿಬಿಟ್ಟೆ. ಒಳಗಿರೋದು ಬರೀ ಅಂಟು ಹಾಕಿ ಒತ್ತಿದ ಮರದ ಹೊಟ್ಟು. ಒಲೆಗೆ ಹಾಕೋಣ ಬಿಡು," ಎಂದ ಗಂಡ.

"ಹಾಕಲ್ಲ."

"ಅಷ್ಟ್ಯಾಕೆ ಉಜ್ಜಿದೆ?"

"ತಂಬಾಕು ಫ್ಯಾಕ್ಟರೀಲಿ ಆ ಮೇಜಿನ ಮುಂದೆ ಕೈಕಟ್ಟಿ ನಿಂತೇ ನನ್ನ ಆಯಸ್ಸು ಕಳೀತು. ಒಂದಿನಾನೂ ಕೂತ್ಕೋ ಅನ್ಲಿಲ್ಲ ಆ ಡೈರೆಕ್ಟರು. ಫ್ಯಾಕ್ಟರಿ ಮುಚ್ಚಿ ಅವನ ಮೇಜು ಹರಾಜಿಗೆ ಬಂದಾಗ ಕೊಂಡ್ಕೊಂಡೆ. ಉಜ್ಜೋಕೆ ಶುರು ಮಾಡ್ದೆ, ಕೈ ನಿಲ್ಲಲಿಲ್ಲ."

ಅಂಗಡಿಯವನು ಡ್ರಾಯರು ತಿರುಗಿಸಿ ನೋಡಿದ. "ದಪ್ಪಗೆ ಕಂದು ಬಣ್ಣ ಹೊಡೀರಿ ಅಮ್ಮ, ಎಲ್ಲ ಮುಚ್ಚಿಹೋಗುತ್ತೆ."

"ಮುಚ್ಚೋದೇ ಬೇಡ. ಬಣ್ಣ ಇಲ್ಲದ ವಾರ್ನಿಷ್ ಕೊಡಿ. ಎಂಥಾ ಹೊಟ್ಟಿಗೆ ಹೆದರಿ ನಿಂತಿದ್ದೆ ಅಂತ ದಿನಾ ಕೂತ್ಕೊಂಡು ನೋಡ್ಬೇಕು ನಾನು."

ಗಂಡ ಡ್ರಾಯರು ಎತ್ತಿಕೊಂಡ. ಡಬ್ಬಿ ಹಿಡಿದು ಅವಳು ಹೊರಟಾಗ ಸ್ಟೊಯಿಲ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.