ಎಂಟನೇ ಸಪ್ಪಳ

ಕಲ್ಲಿನ ಕ್ವಾರಿಯಲ್ಲಿ ತನ್ನ ತಮ್ಮನ ಕೈ ಹೋದ ದಿನ, ಸಿಡಿಯದೆ ಉಳಿದ ಮದ್ದಿನ ಹತ್ತಿರ ಇನ್ನೆಂದೂ ಹೋಗುವುದಿಲ್ಲ ಎಂದು ಮೀರಾಸಾಬ ಹೆಂಡತಿ ಅಬೇದಾಗೆ ಮಾತು ಕೊಟ್ಟಿದ್ದನಂತೆ. ಹುನಗುಂದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಆ ಗಂಡ ಹೆಂಡತಿಯ ಮಾತಿನಿಂದಲೇ ಇದು ತಿಳಿಯಿತು. ಅವನು ಸೇಫ್ಟಿ ಸೂಪರ್‌ವೈಜರ್ ಕೆಲಸದ ಇಂಟರ್‌ವ್ಯೂ ಮುಗಿಸಿ ಆಗಷ್ಟೇ ಬಂದಿದ್ದ.

“ನಾ ರೊಟ್ಟಿ ಬಡಿಯುವಾಗ ದಿನಾ ಕೇಳ್ತಿದ್ದೆನಲ್ಲ, ಅದನ್ನ ಕೇಳಿದ್ರೇನು?”

“ಅದನ್ನೇ ಕೇಳಿದ್ರು. ಎಂಟು ಕುಣಿಗೆ ಮದ್ದು ತುಂಬಿ, ಏಳೇ ಸಪ್ಪಳ ಬಂದ್ರ ಏನ್ಮಾಡ್ತಿ ಅಂದ್ರು.”

“ನೀವೇನಂದ್ರಿ?”

“ನೀ ಕಲಿಸಿದ್ದು. ಯಾರನ್ನೂ ಒಳಗ ಬಿಡೂದಿಲ್ಲ, ನಾನೂ ಹೋಗೂದಿಲ್ಲ.”

“ಆಮ್ಯಾಲೆ?”

“ಹಿಂದ ಎಂದಾರ ಹೋಗಿದ್ದಿಯೇನು ಅಂದ್ರು. ಹೋದ ವರ್ಷ ಒಮ್ಮೆ ಹೋಗಿದ್ದೆ, ಕೈಕಾಲು ನಡುಗಿ ತಿರುಗಿ ಬಂದೆ ಅಂದೆ.”

ಆಕೆ ಅವನ ಕಡೆ ಪೂರ್ತಿ ತಿರುಗಿ ಕುಳಿತಳು.

“ನನಗ್ಯಾಕ ಹೇಳಲಿಲ್ಲ?”

“ಸಾಹೇಬರಿಗಿಂತ ನೀ ಭಾಳ ಕೇಳ್ತಿ.”

“ಖರೆ ಹೇಳಿ ನೌಕರಿ ಕಳಕೊಂಡ್ರೇನು?”

“ಇಲ್ಲ. ನಡುಗಾಂವನೇ ಬೇಕಾಗಿತ್ತು ಅಂದ್ರು. ಒಂದನೇ ತಾರೀಖಿಗೆ ಬಾ ಅಂದಾರ. ಇನ್ನ ಮದ್ದು ತುಂಬೂ ಕೆಲಸ ಇಲ್ಲ.”

ಆಕೆ ಚೀಲ ಎತ್ತಿಕೊಂಡು ಎದ್ದಳು.

“ಏಳ್ರಿ ಸುಳ್ಳಬುರುಕರ, ಬಸ್ಸು ಬಂತು.”

ಇಬ್ಬರೂ ಇಳಕಲ್ ಬಸ್ಸು ಹತ್ತಿದರು. ಕೊಟ್ಟ ಮಾತನ್ನು ಅವನು ಹೋದ ವರ್ಷವೇ ಮುರಿದಿದ್ದ.