ಬೆಳ್ಳಗಾಗದ ಒಂದು ಹಲ್ಲು

ಮುಂದಿನ ಹಲ್ಲು ಕಟ್ಟಿಸಿಕೊಂಡ ದಿನದಿಂದ ಚಕ್ರಪಾಣಿಯವರು ನಕ್ಕರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ. ಬನಶಂಕರಿ ಬಸ್ ನಿಲ್ದಾಣದಲ್ಲಿ ಉತ್ತರಹಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ, ಪಕ್ಕದ ತಾಯಿ ಮಗಳ ಮಾತು ಹಲ್ಲಿಗೇ ಬಂದದ್ದರಿಂದ ಅವರ ಕಿವಿ ನೆಟ್ಟಗಾಯಿತು.

“ಮೂರು ತಿಂಗಳು ಆ ಮೌತ್‌ವಾಶ್ ಮುಕ್ಕಳಿಸಿದ್ಯಲ್ಲ ತನ್ಮಯಿ, ಈಗ ನೋಡು!”

“ಯಾಕಮ್ಮ? ಹಲ್ಲು ಬೆಳ್ಳಗಾಗಿದೆಯಲ್ಲ.”

“ಎಲ್ಲ ಆಯ್ತು. ಮುಂದಿನ ಕಟ್ಟಿಸಿದ ಹಲ್ಲೊಂದು ಹಾಗೇ ಹಳದಿ ಉಳ್ಕೊಂಡಿದೆ. ಇಷ್ಟು ದಿನ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.”

“ಕಟ್ಟಿಸಿದ ಹಲ್ಲು ಅದರಿಂದ ಬೆಳ್ಳಗಾಗಲ್ವಂತೆ. ಡಾಕ್ಟ್ರು ಈಗ ಹೇಳಿದ್ರು.”

“ಭಾನುವಾರ ಹುಡುಗನ ಕಡೆಯೋರು ನೋಡೋಕ್ಕೆ ಬರ್ತಾರೆ. ತುಟಿ ಬಿಚ್ಚದೆ ನಗು.”

“ಆಗಲ್ಲ. ನಾನೇ ತೋರಿಸಿ ಹೇಳ್ತೀನಿ.”

“ಬೇಡ ಅಂತ ಎದ್ದು ಹೋದ್ರೆ?”

“ಒಂದು ಹಲ್ಲಿಗೆ ಹೋಗೋರು ಹೋಗ್ಲಿ ಬಿಡಮ್ಮ.”

“ಏನಂತ ಹೇಳ್ತೀಯೇ?”

“ಖೋಖೋ ಫೈನಲ್‌ನಲ್ಲಿ ಕಂಬ ಹಿಡಿಯೋಕ್ಕೆ ಹಾರಿದೆ. ಹಲ್ಲು ಹೋಯ್ತು, ಕಂಬ ಬಿಡಲಿಲ್ಲ, ಮ್ಯಾಚ್ ಗೆದ್ವಿ ಅಂತ.”

ಬಿಟಿಎಂ ಬಸ್ಸು ಬಂತು. ತಾಯಿ ಗೊಣಗುತ್ತಲೇ ಹತ್ತಿದರು. ಕಿಟಕಿ ಪಕ್ಕ ಕೂತ ಹುಡುಗಿ, ಪಕ್ಕದಲ್ಲಿ ಕೂತಿದ್ದ ಮುದುಕರು ಎಲ್ಲ ಕೇಳಿಸಿಕೊಂಡದ್ದು ತಿಳಿದವಳಂತೆ, ಅವರತ್ತ ನೋಡಿ ನಕ್ಕಳು.

ಚಕ್ರಪಾಣಿಯವರೂ ನಕ್ಕರು. ಬಾಯಿಯತ್ತ ಹೊರಟಿದ್ದ ಕೈ ಅರ್ಧಕ್ಕೇ ನಿಂತು, ಬಸ್ಸಿನತ್ತ ಬೀಸಿತು.