ತಿಪ್ಪೇಶನ ಬಿಲ್ಲು, ಹಾಲಪ್ಪನ ಬಾಯಿ

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ಯಾರಾದ್ರೂ ನಿಮಗೆ ಮೋಸ ಮಾಡಿದ್ರು ಅನ್ನಿಸಿದಾಗ ಆ ಮಾತನ್ನ ಮೊದಲು ಯಾರಿಗೆ ಹೇಳ್ತೀರಿ? ಮಾಡಿದೋರಿಗಾ? ಎಲ್ಲಿ, ಕೈ ಎತ್ತಿ ನೋಡೋಣ. ನೋಡಿ, ಒಂದು ಕೈಯೂ ಮೇಲೆ ಬರಲಿಲ್ಲ! ಹಿಂದಿನ ಸಾಲಲ್ಲಿ ಒಂದು ಎದ್ದಿತ್ತು, ಅದು ತಲೆ ಕೆರ್ಕೊಳ್ಳೋಕೆ.

ಇದಕ್ಕೊಂದು ದೃಷ್ಟಾಂತ ಕೇಳಿ. ಒಂದು ಊರು. ಊರಂದ ಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕು, ಇಲ್ಲದಿದ್ರೆ ನಮ್ಮಂಥ ಪ್ರವಚನಕಾರರು ಉಪವಾಸ ಬೀಳ್ತೀವಿ. ಈ ಸಾಹುಕಾರನ ಹೆಸರು ಹಾಲಪ್ಪ ಅಂತ ಇಟ್ಕೊಳ್ಳೋಣ. ಇಲ್ಲಿ ಹಾಲಪ್ಪ ಅನ್ನೋರು ಯಾರಾದ್ರೂ ಕೂತಿದ್ರೆ ದಯವಿಟ್ಟು ಎದ್ದು ಹೋಗಬೇಡಿ, ನಿಮ್ಮನ್ನ ಅಂದಿದ್ದಲ್ಲ. ಹಾಲಪ್ಪನದು ಮಂಡಕ್ಕಿ ಭಟ್ಟಿ. ಭತ್ತ ತರಿಸೋದು, ಮಂಡಕ್ಕಿ ಹುರಿಯೋದು, ಸುತ್ತಮುತ್ತ ಊರಿಗೆಲ್ಲ ಕಳಿಸೋದು. ಮಂಡಕ್ಕಿ ಎಷ್ಟು ಹಗುರ ನೋಡಿ, ಅದನ್ನೇ ಮಾರಿ ಹಾಲಪ್ಪ ಭಾರೀ ಕುಳ ಆಗಿದ್ದ.

ಅವನ ಹೆಂಡತಿ ಸರ್ವಮಂಗಳಮ್ಮ. ಆ ತಾಯಿಗೆ ಇದ್ದದ್ದು ಒಂದೇ ಆಸೆ: ಅಡುಗೆಮನೆ, ಬಚ್ಚಲುಮನೆ ಹೊಸದಾಗಬೇಕು. ಹಳೇ ಬಚ್ಚಲಲ್ಲಿ ನೀರು ನಿಂತು ನಿಂತು ಕಪ್ಪೆ ಸಂಸಾರ ಹೂಡಿತ್ತಂತೆ. ಸರಿ, ತಿಪ್ಪೇಶ ಅನ್ನೋ ಕಂಟ್ರಾಕ್ಟರನ್ನ ಕರೆಸಿದ್ರು. ತಿಪ್ಪೇಶ ದೊಡ್ಡ ಕಂಪನಿಯವನೇನಲ್ಲ. ಗಾರೆ ಕೆಲಸದಿಂದ ಮೇಲೆ ಬಂದೋನು. ಕೈಕೆಳಗೆ ಒಂದಷ್ಟು ಜನ, ಓಡಾಡೋಕೆ ಒಂದು ಹಳೇ ಬೈಕು. ಆದ್ರೆ ಕೆಲಸ ಮಾಡಿದ ನೋಡಿ! ಗೋಡೆ ಕನ್ನಡಿ ಹಂಗೆ, ನೆಲ ಇಳಿಜಾರು ಎಷ್ಟು ಚೆನ್ನಾಗಿ ಅಂದ್ರೆ ಒಂದು ಕೊಡ ನೀರು ಸುರಿದ್ರೆ ಅದು ತಾನೇ ದಾರಿ ಹುಡುಕ್ಕೊಂಡು ಹೋಗ್ತಿತ್ತು. ಸರ್ವಮಂಗಳಮ್ಮ ಅಂತೂ ಸ್ನಾನಕ್ಕೆ ಅಂತ ಹೋದೋರು ಹೊರಗೇ ಬರ್ತಿರಲಿಲ್ಲ.

ತಿಪ್ಪೇಶ ಬಿಲ್ ಕೊಟ್ಟ. ಹಾಲಪ್ಪ ನೋಡ್ದ. ಕೆಲಸದ ಬಾಬ್ತು ಇಷ್ಟು, ಅದರ ಕೆಳಗೆ ಜಿಎಸ್‌ಟಿ ಇಷ್ಟು. ಪೂರ್ತಿ ಕೊಟ್ಟ. ಕೊಟ್ಟಾದ ಮೇಲೆ ಒಂದು ದಿನ ಅವನ ಆಡಿಟರ್ ಆ ಬಿಲ್ ನೋಡಿ, ಕನ್ನಡಕ ಮೇಲೆ ತಳ್ಳಿ ಹೇಳಿದ್ರು:

"ಸಾಹುಕಾರ್ರೇ, ಈ ತಿಪ್ಪೇಶ ಸಣ್ಣ ವ್ಯವಹಾರದವರ ಸ್ಕೀಮಲ್ಲಿ ನೋಂದಾಯಿಸ್ಕೊಂಡಿದಾನೆ. ಆ ಸ್ಕೀಮಿನೋರು ತೆರಿಗೆ ತಮ್ಮ ಜೇಬಿಂದ ಕಟ್ಟಬೇಕು. ಗಿರಾಕಿ ಬಿಲ್ಲಿಗೆ ಹಾಕಿ ವಸೂಲಿ ಮಾಡೋ ಹಾಗಿಲ್ಲ. ನಿಮ್ಮ ಹತ್ರ ತಗೊಂಡಿದ್ದು ತಪ್ಪು. ಹೋಗಿ ಕೇಳಿ, ವಾಪಸ್ ಕೊಡ್ತಾನೆ."

ಹೋಗಿ ಕೇಳಿ. ಎಷ್ಟು ಸಲೀಸು! ಹಾಲಪ್ಪ ಹೋದ. ಹೋದ, ಆದ್ರೆ ಎಲ್ಲಿಗೆ ಹೋದ? ಕಟಿಂಗ್ ಶಾಪಿಗೆ ಹೋದ.

ಗಡ್ಡಕ್ಕೆ ಸೋಪು ಹಚ್ಚಿಸ್ಕೊಂಡು ಕೂತು, "ಆ ತಿಪ್ಪೇಶ ನನಗೆ ಟೋಪಿ ಹಾಕಿದ ಕಣಯ್ಯಾ" ಅಂದ. ಆಹಾ, ಏನು ಸುಖ! ಎದೆ ತಣ್ಣಗಾಯ್ತು. ಅಲ್ಲಿಂದ ಮಿರ್ಚಿ ಅಂಗಡಿಗೆ ಹೋದ, ಅಲ್ಲೂ ಹೇಳಿದ. ಬ್ಯಾಂಕಲ್ಲಿ ಹೇಳಿದ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿಕೊಂಡು ಹೇಳಿದ. ಹೇಳಿದ ಕಡೆಯೆಲ್ಲ ಜನ "ಅಯ್ಯೋ ಪಾಪ, ನಿಮ್ಮಂಥೋರಿಗೇ ಹಿಂಗೆ ಮಾಡಿದ್ನಾ!" ಅಂದ್ರು. ನೋಡಿ, ಹೋಳಿಗೆ ತಿಂದ್ರೆ ಹೊಟ್ಟೆ ತುಂಬುತ್ತೆ, ಸಾಕು ಅನ್ಸುತ್ತೆ. ಈ 'ಅಯ್ಯೋ ಪಾಪ' ಇದೆಯಲ್ಲ, ಇದು ಎಷ್ಟು ತಿಂದ್ರೂ ಸಾಕು ಅನ್ಸಲ್ಲ!

ಕೇಳಬೇಕಾದೋನನ್ನ ಮಾತ್ರ ಕೇಳಲಿಲ್ಲ. ಯಾಕೆ? ಕೇಳಿದ್ರೆ ಅವನು ದುಡ್ಡು ಕೊಟ್ಟುಬಿಟ್ರೆ? ಸಿಟ್ಟು ಮುಗಿದುಹೋಗುತ್ತಲ್ಲ! ಆಮೇಲೆ ಊರಿಗೆ ಏನು ಹೇಳೋದು?

ಆದ್ರೂ ಜಗಳಕ್ಕೆ ತಯಾರಿ ನಡೆಸಿದ್ದ. ಎಲ್ಲಿ? ಅದೇ ಹೊಸ ಬಚ್ಚಲಲ್ಲಿ. ಬೆಳಿಗ್ಗೆ ಎದ್ದು ಟವೆಲ್ ಸುತ್ಕೊಂಡು ಬಾಗಿಲು ಹಾಕಿ, ಟೈಲ್ಸಿಗೆ ಬೆರಳು ತೋರಿಸಿ, "ಏನಯ್ಯಾ ತಿಪ್ಪೇಶ! ನನ್ನನ್ನ ಏನಂತ ತಿಳ್ಕೊಂಡಿದೀಯ?" ಅಂತ ಅಬ್ಬರಿಸೋನು. ಬಚ್ಚಲು "ತಿಳ್ಕೊಂಡಿದೀಯಾ... ದೀಯಾ..." ಅಂತ ಮಾರ್ದನಿ ಕೊಡೋದು. ಹಾಲಪ್ಪನಿಗೆ ಇನ್ನೂ ಹುರುಪು.

ಸರ್ವಮಂಗಳಮ್ಮ ಹೊರಗಿಂದ ಬಾಗಿಲು ತಟ್ಟಿ ಹೇಳಿದ್ರು: "ರೀ, ಒಳಗಿರೋದು ಟೈಲ್ಸು. ತಿಪ್ಪೇಶ ಇರೋದು ಕೆರೆ ಹಿಂದೆ. ಬಟ್ಟೆ ಹಾಕ್ಕೊಂಡು ಅಲ್ಲಿಗೇ ಹೋಗಿ ಕೇಳಬಾರದಾ?"

"ನಿನಗೆ ವ್ಯವಹಾರ ಗೊತ್ತಾಗಲ್ಲ, ಸುಮ್ಮನಿರು" ಅಂದ ಹಾಲಪ್ಪ.

ಇತ್ತ ಊರಲ್ಲಿ ಏನಾಯ್ತು? ಮಾತು ಸುಮ್ಮನೆ ಕೂರುತ್ತಾ? ಕಟಿಂಗ್ ಶಾಪಲ್ಲಿ "ತೆರಿಗೆ ಹೆಚ್ಚು ಹಾಕಿದಾನೆ" ಅಂತಿದ್ದ ಮಾತು ಮಿರ್ಚಿ ಅಂಗಡಿಗೆ ಬರೋ ಹೊತ್ತಿಗೆ "ಕಳ್ಳ ಬಿಲ್ಲು" ಆಯ್ತು. ಎಣ್ಣೇಲಿ ಬಿದ್ದ ಮೆಣಸಿನಕಾಯಿ ಹಂಗೆ ಉಬ್ಬಿಕೊಳ್ತು! ಬಸ್ ಸ್ಟ್ಯಾಂಡಿಗೆ ಬಂದಾಗ "ತಿಪ್ಪೇಶನ ಮನೆ ಮೇಲೆ ರೈಡ್ ಆಯ್ತಂತೆ." ಮಾರ್ಕೆಟ್ಟಿಗೆ ಬಂದಾಗ "ಅವನ ಜೊತೆ ಸೇರಿ ಮಂಡಕ್ಕಿ ಸಾಹುಕಾರನೂ ಸಿಕ್ಕಿಬಿದ್ದ, ಮನೇನೇ ಜಪ್ತಿ!"

ಒಂದು ಬೆಳಿಗ್ಗೆ ಹಾಲಪ್ಪ ಸೋಫಾ ಮೇಲೆ ಕಾಲು ಚಾಚಿ ಕಾಫಿ ಕುಡೀತಿದ್ದ. ಭತ್ತದ ವ್ಯಾಪಾರಿ ಬಂದ, ಮುಖ ಸಪ್ಪಗೆ ಮಾಡ್ಕೊಂಡು.

"ಸಾವ್ಕಾರ್ರೆ, ಸುದ್ದಿ ಕೇಳಿ ಹೊಟ್ಟೆ ಉರೀತು. ಮನೆ ಜಪ್ತಿ ಆಯ್ತಂತೆ. ಧೈರ್ಯ ತಗೋಬೇಕು. ಹಂಗೇ... ಇನ್ಮೇಲೆ ಭತ್ತಕ್ಕೆ ಉದ್ರಿ ಬೇಡ, ನಗದು ಕೊಟ್ಟುಬಿಡ್ರಿ."

"ಯಾವ ಮನೆ ಜಪ್ತಿ?"

"ಇದೇ ಮನೆ."

"ಅಯ್ಯೋ ಮಾರಾಯ, ಇದೇ ಮನೇಲೇ ಕೂತಿದೀನಲ್ಲೋ! ಯಾರು ಹೇಳಿದ್ದು ನಿನಗೆ?"

"ಊರೆಲ್ಲ ಹೇಳ್ತಿದೆ."

"ಊರಿಗೆ ಯಾರು ಹೇಳಿದ್ದು?"

ಸರ್ವಮಂಗಳಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡನ್ನೇ ನೋಡ್ತಾ ಇದ್ರು. ವ್ಯಾಪಾರಿ ಆಚೆ ಹೋಗಿದ್ದೇ ತಡ ಸ್ಕೂಟರ್ ಕೀ ತಗೊಂಡು, "ಹತ್ತಿ" ಅಂದ್ರು. ಹಾಲಪ್ಪ ಹಿಂದೆ ಹತ್ತಿದ. ಆ ಸ್ಕೂಟರ್ ಕೆರೆ ಏರಿ ಮೇಲೆ ಹೋಗೋದು ನೋಡಬೇಕಿತ್ತು: ಮುಂದೆ ತಾಯಿ ದುರ್ಗೆ ಹಂಗೆ, ಹಿಂದೆ ಸಾಹುಕಾರ ಬೇಲದ ಕಾಯಿ ಮೂಟೆ ಹಂಗೆ!

ಹಾಡಹಗಲು. ತಿಪ್ಪೇಶ ಮನೇಲೇ ಇದ್ದ. ಜಗುಲಿ ಮೇಲೆ ಸುಮ್ಮನೆ ಕೂತಿದ್ದ. ಕರಣೆ, ಮಟ್ಟಗೋಲು ಎಲ್ಲ ತೊಳೆದು ಗೋಡೆಗೆ ಒರಗಿಸಿಟ್ಟಿದ್ದ. ಕೆಲಸ ಇರೋ ಗಾರೆಯವನ ಕರಣೆ ಹಗಲು ಹೊತ್ತು ಅಷ್ಟು ಸ್ವಚ್ಛ ಇರುತ್ತಾ, ಹೇಳಿ?

"ಬರ್ರಿ ಸಾವ್ಕಾರ್ರೆ, ಬರ್ರಿ ಅಕ್ಕಾರೆ. ಏನಾದ್ರೂ ಸೋರ್ತಾ ಇದೆಯಾ?"

ಹಾಲಪ್ಪ ಬಾಯಿ ತೆಗೆದ. ಬಚ್ಚಲಲ್ಲಿ ಅಷ್ಟು ಚೆನ್ನಾಗಿ ಬರ್ತಿದ್ದ ಭಾಷಣ, ಒಂದು ಅಕ್ಷರ ಬರಲಿಲ್ಲ! ಹೆಂಡತಿ ಮೊಳಕೈಯಲ್ಲಿ ತಿವಿದ್ರು.

"ಅದೂ... ತಿಪ್ಪೇಶ... ಬಿಲ್ಲಲ್ಲಿ ಆ ಜಿಎಸ್‌ಟಿ ಹಾಕಿದ್ಯಲ್ಲ. ಅದು ನೀನು ಹಾಕೋ ಹಾಗಿಲ್ಲ ಅಂತಾರಲ್ಲಪ್ಪ ನಮ್ಮ ಆಡಿಟರ್ರು?"

ತಿಪ್ಪೇಶನ ಕಣ್ಣು ಅಗಲ ಆಯ್ತು. "ಹಾಕಬಾರದಾ? ಎಲ್ಲ ಕಂಟ್ರಾಕ್ಟರೂ ಹಾಕ್ತಾರಲ್ಲ, ನಾನೂ ಹಾಕಿಸ್ದೆ." ಅಲ್ಲೇ ತನ್ನ ಲೆಕ್ಕ ಬರೆಯೋ ಮೇಡಂಗೆ ಫೋನ್ ಹಚ್ಚಿದ. ಆಯಮ್ಮ ಬೈದ ಬೈಗುಳ ಪಕ್ಕದ ಮನೆಯವರಿಗೂ ಕೇಳಿಸ್ತು: "ನೋಂದಾಯಿಸೋ ದಿನವೇ ಹೇಳಿದ್ನಲ್ಲ ನಿಮಗೆ, ಗಿರಾಕಿ ಬಿಲ್ಲಿಗೆ ತೆರಿಗೆ ಸೇರಿಸಬೇಡಿ ಅಂತ! ಈಗಲೇ ವಾಪಸ್ ಕೊಡಿ, ಬಿಲ್ ಬದಲಾಯಿಸಿ ಕೊಡಿ."

ತಿಪ್ಪೇಶ ಗಲ್ಲ ಗಲ್ಲ ಬಡ್ಕೊಂಡ. ಮೊಬೈಲ್ ಒತ್ತಿದ. ಹಾಲಪ್ಪನ ಜೇಬಲ್ಲಿ ಟಿಣ್ ಅಂತು. ದುಡ್ಡು ಬಂತು! ನೋಡಿ, ಒಂದು ತಿಂಗಳು ಬಚ್ಚಲಲ್ಲಿ ಗುಡುಗಿದ್ದು, ಜಗುಲಿ ಮೇಲೆ ಒಂದು ಲೋಟ ನೀರು ಕುಡಿಯೋ ಹೊತ್ತಲ್ಲಿ ಮುಗಿದುಹೋಯ್ತು.

ಕಥೆ ಇಲ್ಲಿಗೇ ಮುಗಿದಿದ್ರೆ ನಾನು ಇದನ್ನ ಹೇಳ್ತಿರಲಿಲ್ಲ.

ತಿಪ್ಪೇಶ ಅಂದ: "ಸಾವ್ಕಾರ್ರೆ, ನೀವು ದೊಡ್ಡೋರು, ಮನೆ ತನಕ ಬಂದು ಮುಖಕ್ಕೆ ಮುಖ ಕೊಟ್ಟು ಕೇಳಿದ್ರಿ. ಇನ್ನೊಂದು ಉಪಕಾರ ಮಾಡ್ರಿ. ಯಾರೋ ನನ್ನ ಬಗ್ಗೆ ಏನೋ ಹಬ್ಬಿಸಿದಾರೆ. ಹೆಡ್‌ಮೇಷ್ಟ್ರು ಅರ್ಧ ಆಗಿದ್ದ ಕೆಲಸ ನಿಲ್ಲಿಸಿದ್ರು. ಕೆಲಸ ಕೊಡ್ತೀವಿ ಅಂದಿದ್ದ ಬಟ್ಟೆ ಅಂಗಡಿಯೋರು ಫೋನೇ ತೆಗೆಯಲ್ಲ. ನನ್ನ ಜನ ಬೇರೆ ಕಡೆ ಕೆಲಸ ಹುಡುಕ್ತಾ ಇದಾರೆ. ನಿಮಗೆ ಊರೆಲ್ಲ ಗೊತ್ತು. ಅದು ಯಾರು ಅಂತ ಸ್ವಲ್ಪ ವಿಚಾರಿಸ್ರಿ."

ಅಬ್ಬಾ! ಈಗ ಹಾಲಪ್ಪ ಏನು ಮಾಡಬೇಕು? ನೀವಾಗಿದ್ರೆ ಏನು ಮಾಡ್ತಿದ್ರಿ? "ಆಯ್ತಪ್ಪ, ವಿಚಾರಿಸ್ತೀನಿ" ಅಂದು ಸ್ಕೂಟರ್ ಹತ್ತಬಹುದಿತ್ತು. ಹೆಂಡತಿ ಈ ಸಲ ತಿವೀಲಿಲ್ಲ. ಕೆರೆ ಕಡೆ ಮುಖ ಮಾಡಿ ನಿಂತುಬಿಟ್ರು.

"ವಿಚಾರಿಸೋದು ಬೇಡ ತಿಪ್ಪೇಶ" ಅಂದ ಹಾಲಪ್ಪ. "ಅದು ನಾನೇ."

ತಿಪ್ಪೇಶ ಗೋಡೆಗೆ ಒರಗಿಸಿದ್ದ ಕರಣೆ ಕೈಗೆ ತಗೊಂಡ. ಆಮೇಲೆ ಮೆಲ್ಲಗೆ ಅಂದ: "ನಿಮ್ಮ ದುಡ್ಡು ನನ್ನ ಹತ್ರ ಇತ್ತು, ಕೊಟ್ಟೆ. ನನ್ನ ಹೆಸರು ನಿಮ್ಮ ಹತ್ರ ಇದೆ ಸಾವ್ಕಾರ್ರೆ. ಅದನ್ನ ಹೆಂಗೆ ಕೊಡ್ತೀರಿ?"

ಹಾಲಪ್ಪ ಮಾರನೇ ದಿನದಿಂದಲೇ ಹೆಸರು ವಾಪಸ್ ಕೊಡೋಕೆ ಹೊರಟ. ಕಟಿಂಗ್ ಶಾಪಿಗೆ ಹೋಗಿ, "ತಿಪ್ಪೇಶ ಒಳ್ಳೇ ಮನುಷ್ಯ, ತಪ್ಪು ಗೊತ್ತಾದ ತಕ್ಷಣ ದುಡ್ಡು ವಾಪಸ್ ಕೊಟ್ಟ" ಅಂದ.

ಕಟಿಂಗ್ ನಿಂತುಹೋಯ್ತು. "ಹೆದರಿಸಿದ್ನಾ ಸಾವ್ಕಾರ್ರೆ?"

ಮಿರ್ಚಿ ಅಂಗಡಿಯವನು ಕಣ್ಣು ಹೊಡೆದ. "ಹಿಂಗೆ ಹೇಳೋಕೆ ಎಷ್ಟು ಕೊಟ್ಟ?"

ಬ್ಯಾಂಕಲ್ಲಿ "ಒಳಗೊಳಗೇ ರಾಜಿ ಆಯ್ತು ಅನ್ನಿ" ಅಂದ್ರು. ನೋಡಿ ತಮಾಷೆ! ಕೆಟ್ಟ ಸುದ್ದಿ ಹೇಳಿದಾಗ ಒಬ್ಬನಾದ್ರೂ ಸಾಕ್ಷಿ ಕೇಳಿದ್ನಾ? ಒಳ್ಳೇ ಸುದ್ದಿಗೆ ಎಲ್ಲರೂ ವಕೀಲರೇ!

ಹಾಲಪ್ಪ ಸೋತು ಮನೆಗೆ ಬಂದ. ಸರ್ವಮಂಗಳಮ್ಮನೇ ದಾರಿ ಹುಡುಕಿದ್ರು. "ಬಾಯಲ್ಲಿ ಹೇಳಿದ್ರೆ ನಂಬಲ್ಲ. ಎಲ್ಲರನ್ನೂ ಮನೆಗೆ ಕರೀರಿ. ಮನೇನೂ, ತಿಪ್ಪೇಶನ ಕೆಲಸಾನೂ ಕಣ್ಣಾರೆ ನೋಡಲಿ." ಭಾನುವಾರ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಾ. ಊರೇ ಬಂತು! ಜಪ್ತಿ ಆದ ಮನೆ ಒಳಗೆ ಹೆಂಗಿರುತ್ತೆ ನೋಡೋಣ ಅಂತಲೇ ಅರ್ಧ ಜನ ಬಂದಿದ್ರು. ಕೈಯಲ್ಲಿ ತಟ್ಟೆ ಹಿಡ್ಕೊಂಡು ಬಚ್ಚಲಿಗೆ ಸಾಲು ನಿಂತ್ರು. ಬೇರೆ ಎಲ್ಲಾದ್ರೂ ನೋಡಿದೀರಾ, ತಟ್ಟೆ ಹಿಡ್ಕೊಂಡು ಬಚ್ಚಲಿಗೆ ಸಾಲು? ಹೆಡ್‌ಮೇಷ್ಟ್ರು ಬಗ್ಗಿ, ಒಂದು ಬಕೆಟ್ ನೀರು ಸುರಿದು, ಅದು ಸರ್ರನೆ ಹೋಗೋದನ್ನ ನೋಡಿ, ಇನ್ನೊಂದು ಬಕೆಟ್ ಸುರಿದ್ರು. ಹಿಂದಿನವರು "ಸಾರ್, ಬೇಗ ಬೇಗ, ನಮಗೂ ಬಿಡಿ!" ಅಂತ ಕೂಗಾಡಿದ್ರು.

ಆಗ ಹಾಲಪ್ಪ ತಿಪ್ಪೇಶನ ಕೈ ಹಿಡ್ಕೊಂಡು ಎಲ್ಲರ ನಡುವೆ ನಿಂತ. "ಇವನು ಬಿಲ್ಲಲ್ಲಿ ತಪ್ಪು ಮಾಡಿದ್ದ. ನಾನು ಕೇಳಿದ ಗಳಿಗೇಲಿ ಸರಿ ಮಾಡಿದ. ನಾನು ಬಾಯಲ್ಲಿ ತಪ್ಪು ಮಾಡ್ದೆ. ಅದನ್ನ ಸರಿ ಮಾಡೋಕೆ ನಿಮ್ಮನ್ನೆಲ್ಲ ಬಚ್ಚಲಿಗೆ ಕರ್ಕೊಂಡು ಬರಬೇಕಾಯ್ತು. ಕ್ಷಮಿಸು ತಿಪ್ಪೇಶ."

ಜನ ನಕ್ಕರು. ತಿಪ್ಪೇಶನೂ ನಕ್ಕ, ಕಣ್ಣು ಒರೆಸಿಕೊಳ್ತಾ ನಕ್ಕ. ಹೆಡ್‌ಮೇಷ್ಟ್ರು ಅಲ್ಲೇ, "ನಾಳೆ ಬಂದು ಕೆಲಸ ಮುಂದುವರಿಸಪ್ಪ" ಅಂದ್ರು. ಬಟ್ಟೆ ಅಂಗಡಿಯವರ ಕೆಲಸ ಮಾತ್ರ ಬೇರೆಯವರ ಪಾಲಾಗಿಹೋಗಿತ್ತು, ಅದು ತಿರುಗಿ ಬರಲಿಲ್ಲ. ಆಡಿದ ಮಾತನ್ನ ಪೂರ್ತಿ ಬಾಚಿಕೊಳ್ಳೋಕೆ ಯಾರ ಕೈಲೂ ಆಗಲ್ಲ.

ಈಗ ನಿಮ್ಮ ಕಡೆ ಬರ್ತೀನಿ. ಹಾಲಪ್ಪನನ್ನ ನೋಡಿ ನಕ್ಕಿರಿ, ಸಂತೋಷ. ನಿಮ್ಮ ಬಚ್ಚಲಲ್ಲಿ ಯಾರಿಗೆ ಬೈತಾ ಇದೀರಿ? ಅಣ್ಣನಿಗಾ? ಸೊಸೆಗಾ? ಬಾಡಿಗೆಯವನಿಗಾ? ತಪ್ಪಾಗಿ ತಗೊಂಡಿದ್ದನ್ನ ಕೇಳಬೇಡಿ ಅಂತ ನಾನು ಹೇಳ್ತಿಲ್ಲ. ಕೇಳಿ! ಅದು ನಿಮ್ಮ ಹಕ್ಕು. ಸಂಕೋಚ ಬೇಡ, "ದೊಡ್ಡೋರು ಚಿಲ್ಲರೆ ಕೇಳಬಾರದು" ಅನ್ನೋ ಬಿಂಕವೂ ಬೇಡ. ಆದ್ರೆ ಅವರನ್ನೇ ಕೇಳಿ, ಮೊದಲು ಕೇಳಿ, ಒಬ್ಬರೇ ಇದ್ದಾಗ ಕೇಳಿ. ಬಿಲ್ ಬರೆಯೋರಿಗೂ ಒಂದು ಮಾತು: "ಎಲ್ಲರೂ ಹಾಕ್ತಾರೆ" ಅಂತ ಹಾಕಬೇಡಿ, ತಿಳ್ಕೊಂಡು ಹಾಕಿ. ಯಾರಾದ್ರೂ ಕೇಳಿದಾಗ ಮುಖ ಊದಿಸಬೇಡಿ. ಕೇಳೋಕೆ ಬಂದೋನು ವೈರಿ ಅಲ್ಲ, ಕೇಳದೇ ಊರು ಸುತ್ತಿದೋನಿಗಿಂತ ಸಾವಿರ ಪಾಲು ಹತ್ತಿರದೋನು.

ನಾಳೆಗೆ ಮುಂದೂಡಬೇಡಿ. ಇನ್ನೇನು ಮಂಗಳಾರತಿ ಆಗುತ್ತೆ, ಪಕ್ಕದ ಊಟದ ಮನೇಲಿ ಉಪ್ಪಿಟ್ಟು ಕಾಯ್ತಿದೆ. ಉಪ್ಪು ಕಮ್ಮಿ ಅನ್ನಿಸಿದ್ರೆ ಪಕ್ಕದವರ ಕಿವೀಲಿ ಹೇಳಬೇಡಿ, ಬಡಿಸ್ತಿರೋ ಕೊಟ್ರಮ್ಮನವರಿಗೆ ಹೇಳಿ, ನಗುನಗ್ತಾ ಹೇಳಿ. ಚೆನ್ನಾಗಿದ್ರೆ ಅದನ್ನೂ ಅವರಿಗೇ ಹೇಳಿ. ಪಾಪ, ಅದನ್ನ ಅವರಿಗೆ ಹೇಳೋರು ಇನ್ನೂ ಕಮ್ಮಿ.